ಹೆಚ್ಚಾದ ಅಕ್ಕಿಯನ್ನು ಹಿಂದಿರುಗಿಸಿದ ಮನೆ

ಬೆಂಗಳೂರಿನ ಪೂರ್ವಭಾಗದಲ್ಲಿರುವ ಪುಲಿಕೇಶಿನಗರವು ಒಂದು ಮಹಾಮಾರಿಯ ನೆನಪಿನಲ್ಲಿ ಹುಟ್ಟಿದ ಬಡಾವಣೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ದಂಡು ಪ್ರದೇಶದ ಇಕ್ಕಟ್ಟಾದ ಕೇರಿಗಳು ಸಾವಿನ ಮನೆಗಳಾದವು. ಗೋಡೆಗೆ ಗೋಡೆ ಅಂಟಿಸಿ ಕಟ್ಟಿದ, ಗಾಳಿ ಬೆಳಕುಗಳಿಗೆ ಎಡೆಯಿಲ್ಲದ ಮನೆಗಳಲ್ಲಿ ರೋಗವು ಸುಲಭವಾಗಿ ಹಬ್ಬಿತು. ಆ ಅನುಭವದ ಫಲವಾಗಿ 1910ರ ಸುಮಾರಿಗೆ ರೂಪುಗೊಂಡದ್ದೇ ಅಂದಿನ ಫ್ರೇಜರ್ ಟೌನ್, ಇಂದಿನ ಪುಲಿಕೇಶಿನಗರ. ಇಲಿಗಳಿಗೆ ಎಡೆಯಿಲ್ಲದಂತೆ, ಗಾಳಿ ಬೆಳಕಿಗೆ ಎಡೆಯಿರುವಂತೆ ಊರು ಕಟ್ಟುವುದು ಹೇಗೆಂಬುದನ್ನು ಇಲ್ಲಿನ ಅನುಭವದಿಂದಲೇ ವಿವರಿಸಿ ಎಂಜಿನಿಯರ್ ಜೆ.ಎಚ್. ಸ್ಟೀಫನ್ಸ್ ಅವರು 1914ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಮನೆಯಷ್ಟೇ ಮುಖ್ಯವಾದದ್ದು ಮನೆಯ ಸುತ್ತಲಿನ ಬಯಲು ಎಂಬ ಪಾಠವನ್ನು ಈ ಊರು ಬಹು ದೊಡ್ಡ ಬೆಲೆ ತೆತ್ತು ಕಲಿಯಿತು.

ನೂರು ವರ್ಷಗಳ ತರುವಾಯ ಇದೇ ಊರಿನ ಬೆಳಗನ್ನೊಮ್ಮೆ ನೋಡಬೇಕು. ಬೆಂಗಳೂರು ಪೂರ್ವ ರೈಲು ನಿಲ್ದಾಣದ ಆಸುಪಾಸಿನ ರಸ್ತೆಗಳಲ್ಲಿ ಸೂರ್ಯ ಕಣ್ದೆರೆಯುವ ಮೊದಲೇ ಕಂಪನಿಗಳ ಕ್ಯಾಬುಗಳು ಬಂದು ನಿಲ್ಲುತ್ತವೆ. ಕೃಷ್ಣರಾಜಪುರದ ಟಿನ್ ಫ್ಯಾಕ್ಟರಿಯ ಬಳಿಯ ದಟ್ಟಣೆಯನ್ನು ದಾಟಿ ವೈಟ್‌ಫೀಲ್ಡಿಗೋ ಹೊರವರ್ತುಲ ರಸ್ತೆಗೋ ಹೊರಟವರು ಮರಳಿ ಮನೆ ಸೇರುವಾಗ ಮಕ್ಕಳು ಮಲಗಿರುತ್ತಾರೆ. ಮನೆಗಳ ನಡುವೆ ಬಯಲು ಬಿಟ್ಟು ಕಟ್ಟಿದ ಊರಿನಲ್ಲಿ ಬದುಕುವವರ ದಿನದ ನಡುವೆ ಬಯಲೇ ಉಳಿದಿಲ್ಲ. ಒಂದು ಸಭೆಗೆ ಇನ್ನೊಂದು ಸಭೆ ಅಂಟಿಕೊಂಡಿದೆ. ಒಂದು ಸಾಲದ ಕಂತಿಗೆ ಇನ್ನೊಂದು ಕಂತು ಅಂಟಿಕೊಂಡಿದೆ. ಸಂಬಳ ಬೆಳೆದಿದೆ, ಮನೆ ಬೆಳೆದಿದೆ, ವಾಹನ ಬೆಳೆದಿದೆ. ಆದರೆ ಉಸಿರಾಡುವ ಎಡೆ ಕುಗ್ಗಿದೆ. ಇದೂ ಒಂದು ಬಗೆಯ ಇಕ್ಕಟ್ಟಿನ ರೋಗವಲ್ಲವೇ?

ಈ ರೋಗಕ್ಕೆ ಮದ್ದನ್ನು ಶರಣರ ಮಾತಿನಲ್ಲಿ ಹುಡುಕುವವರು ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ದಾಟಬೇಕಾಗಿದೆ. ಕಾಯಕವನ್ನು ಕೈಲಾಸಕ್ಕೆ ಸಮನೆಂದು ಸಾರಿದ ಶರಣರ ನುಡಿ ಇಂದು ಕಚೇರಿಯ ಗೋಡೆಗಳ ಮೇಲಿದೆ, ಸನ್ಮಾನ ಪತ್ರಗಳಲ್ಲಿದೆ, ಉದ್ಯಮಿಗಳ ಭಾಷಣಗಳಲ್ಲಿದೆ. ಹೆಚ್ಚು ಹೊತ್ತು ದುಡಿಯಬೇಕೆಂದು ಹೇಳಬೇಕಾದಾಗಲೆಲ್ಲ ಆ ನುಡಿ ನೆನಪಾಗುತ್ತದೆ. 2023ರ ಅಕ್ಟೋಬರ್ ತಿಂಗಳಲ್ಲಿ ಇನ್ಫೋಸಿಸ್ ಸಂಸ್ಥಾಪಕರಲ್ಲೊಬ್ಬರಾದ ಎನ್.ಆರ್. ನಾರಾಯಣಮೂರ್ತಿಯವರು ದೇಶದ ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಹೇಳಿದರು. 2024ರ ಜುಲೈ ತಿಂಗಳಲ್ಲಿ ಕರ್ನಾಟಕದ ಮಾಹಿತಿ ತಂತ್ರಜ್ಞಾನ ಉದ್ಯಮದ ವಲಯದಿಂದ ದಿನದ ದುಡಿಮೆಯನ್ನು 14 ಗಂಟೆಗಳವರೆಗೆ ವಿಸ್ತರಿಸಲು ಅವಕಾಶ ನೀಡುವ ಪ್ರಸ್ತಾವ ಸರ್ಕಾರದ ಮುಂದೆ ಬಂದು, ನೌಕರರ ಸಂಘಟನೆಗಳು ಅದನ್ನು ಬಲವಾಗಿ ವಿರೋಧಿಸಿದವು. 2025ರ ಆರಂಭದಲ್ಲಿ ಮತ್ತೊಂದು ದೊಡ್ಡ ಕಂಪನಿಯ ಮುಖ್ಯಸ್ಥರು ವಾರಕ್ಕೆ 90 ಗಂಟೆಗಳ ಮಾತನ್ನೂ ಆಡಿದರು. ಇಂಥ ಚರ್ಚೆಗಳಲ್ಲಿ ಶರಣರ ಕಾಯಕತತ್ತ್ವವನ್ನು ಸಾಕ್ಷಿಗೆ ಕರೆಯುವವರಿಗೆ ಕೊರತೆಯಿಲ್ಲ.

ಆದರೆ ಆ ನುಡಿ ಯಾವ ಮನೆಯಿಂದ ಬಂದಿತು? ಅದನ್ನು ಸಾಕ್ಷಿಗೆ ಕರೆಯುವವರು ಆ ಮನೆಯ ವಿಳಾಸವನ್ನೊಮ್ಮೆ ವಿಚಾರಿಸಿದ್ದಾರೆಯೇ?

ಕಲ್ಯಾಣದ ಅಂಗಳದಲ್ಲಿ

ಪುಲಿಕೇಶಿನಗರಕ್ಕೆ ಹೆಸರು ಕೊಟ್ಟ ಪುಲಿಕೇಶಿಯು ಬಾದಾಮಿಯ ಚಾಲುಕ್ಯ ಚಕ್ರವರ್ತಿ. ಚಾಲುಕ್ಯರ ಮುಂದಿನ ಮನೆತನ ಆಳಿದ ರಾಜಧಾನಿ ಕಲ್ಯಾಣ. ಹನ್ನೆರಡನೆಯ ಶತಮಾನದಲ್ಲಿ ಆ ಸಿಂಹಾಸನವು ಕಳಚುರಿ ಬಿಜ್ಜಳನ ಕೈಗೆ ಬಂದ ಕಾಲದಲ್ಲಿ, ಅದೇ ಕಲ್ಯಾಣದ ಅಂಗಳಗಳಲ್ಲಿ ಚೆಲ್ಲಿದ ಅಕ್ಕಿಯನ್ನು ಕಾಳು ಕಾಳಾಗಿ ಆಯ್ದು ತರುವ ಶರಣರೊಬ್ಬರಿದ್ದರು. ಚಕ್ರವರ್ತಿಯ ಹೆಸರು ಬಡಾವಣೆಯ ಫಲಕದ ಮೇಲೆ ಉಳಿದಿದೆ; ಅಕ್ಕಿ ಆಯ್ದವರ ಮಾತು ಜನರ ನಾಲಗೆಯ ಮೇಲೆ ಉಳಿದಿದೆ. ಅವರೇ ಆಯ್ದಕ್ಕಿ ಮಾರಯ್ಯನವರು. ರಾಯಚೂರು ಸೀಮೆಯ ಅಮರೇಶ್ವರ ಎಂಬ ಗ್ರಾಮದಿಂದ ಪತ್ನಿ ಲಕ್ಕಮ್ಮನವರೊಡನೆ ಕಲ್ಯಾಣಕ್ಕೆ ಬಂದವರು. ಊರಿನ ದೈವದ ಹೆಸರೇ ಅವರ ವಚನಗಳ ಅಂಕಿತವಾಯಿತು. ಲಕ್ಕಮ್ಮನವರು ಅದರೊಡನೆ ಪತಿಯ ಹೆಸರನ್ನೂ ಸೇರಿಸಿ ತಮ್ಮ ಅಂಕಿತವನ್ನಾಗಿಸಿಕೊಂಡರು. ಇಂದು ಕಚೇರಿಯ ಗೋಡೆಯ ಮೇಲಿರುವ ಕಾಯಕ-ಕೈಲಾಸದ ಮಾತು ಈ ಮಾರಯ್ಯನವರ ವಚನದ್ದು.

ಶೂನ್ಯಸಂಪಾದನೆಯಲ್ಲಿ ಈ ದಂಪತಿಗಳ ಪ್ರಸಂಗವು ವಿಸ್ತಾರವಾಗಿ ಬರುತ್ತದೆ. ಅದರಲ್ಲಿ ಲಕ್ಕಮ್ಮನವರು ಪತಿಗೆ ಎರಡು ಬಾರಿ ಎಚ್ಚರಿಕೆ ನೀಡುತ್ತಾರೆ. ಈ ಎರಡೂ ಎಚ್ಚರಿಕೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಮಾತ್ರ ಶರಣರ ಕಾಯಕದ ಪೂರ್ಣರೂಪ ಕಾಣುತ್ತದೆ.

ಮೊದಲನೆಯ ಎಚ್ಚರಿಕೆ, ಕಾಯಕ ನಿಂತಾಗ. ಶರಣರೊಡನೆ ಅನುಭಾವದ ಮಾತುಕತೆಯಲ್ಲಿ ಮೈಮರೆತ ಮಾರಯ್ಯನವರಿಗೆ ಆ ದಿನದ ಕಾಯಕದ ನೆನಪೇ ಇರುವುದಿಲ್ಲ. ಮಾತು ಎಷ್ಟೇ ಎತ್ತರದ್ದಾಗಿರಲಿ, ಕಾಯಕ ನಿಂತಿದೆ, ಹೊರಡಿರಿ ಎಂದು ಲಕ್ಕಮ್ಮನವರು ನೆನಪಿಸುತ್ತಾರೆ. ಸೋಮಾರಿತನಕ್ಕೆ ಅಧ್ಯಾತ್ಮದ ಹೊದಿಕೆ ಹೊದಿಸಲು ಆ ಮನೆಯಲ್ಲಿ ಅವಕಾಶವಿರಲಿಲ್ಲ.

ಎರಡನೆಯ ಎಚ್ಚರಿಕೆ, ಕಾಯಕದ ಫಲ ಅಳತೆ ಮೀರಿದಾಗ. ಅಂದು ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತರುತ್ತಾರೆ. ಅದು ಕಳವಿನದ್ದಲ್ಲ, ಯಾರಿಗೂ ಮೋಸ ಮಾಡಿ ತಂದದ್ದಲ್ಲ. ಅಂಗಳದಲ್ಲಿ ಬಿದ್ದಿದ್ದುದನ್ನೇ ಬಾಗಿ ಆಯ್ದು ತಂದದ್ದು. ಬೇರೆ ಮನೆಯಾಗಿದ್ದರೆ ಆ ದಿನ ಹಬ್ಬವಾಗುತ್ತಿತ್ತು. ಲಕ್ಕಮ್ಮನವರಾದರೋ ಗಂಟಿನ ಭಾರವನ್ನು ಕಂಡೊಡನೆ ಪ್ರಶ್ನಿಸುತ್ತಾರೆ. ಇದು ನಿಮ್ಮ ಮನಸ್ಸು ಬಯಸಿ ತಂದದ್ದೋ, ಇನ್ನಾರಾದರೂ ಬೇಕೆಂದೇ ಚೆಲ್ಲಿಸಿ ನಿಮ್ಮನ್ನು ಬಯಕೆಗೆ ಒಡ್ಡಿದ್ದೋ ಎಂಬುದು ಅವರ ಸಂದೇಹ. ಅತಿಯಾಸೆ ಆಳುವವರಿಗೆ ಒಗ್ಗಬಹುದು, ಭಕ್ತರ ಮನೆಗೆ ಒಗ್ಗದು ಎಂಬುದು ಅವರ ನಿಲುವು. ನಿತ್ಯದಷ್ಟನ್ನು ಇರಿಸಿಕೊಂಡು ಉಳಿದುದನ್ನು ತಂದಲ್ಲಿಯೇ ಸುರಿದು ಬರಲು ಹೇಳುತ್ತಾರೆ. ಮಾರಯ್ಯನವರು ಹಾಗೆಯೇ ಮಾಡುತ್ತಾರೆ.

ಕೆಲಸ ಕಡಿಮೆಯಾದಾಗ ಎಬ್ಬಿಸಿ ಕಳುಹಿಸಿದವರೂ ಲಕ್ಕಮ್ಮನವರೇ, ಗಳಿಕೆ ಹೆಚ್ಚಾದಾಗ ಮರಳಿ ಕಳುಹಿಸಿದವರೂ ಅವರೇ. ಸಮತೋಲನ ಎಂಬ ಪದಕ್ಕೆ ಇದಕ್ಕಿಂತ ನಿಖರವಾದ ಉದಾಹರಣೆ ಸಿಗಲಾರದು. ಇಂದಿನ ಕಾರ್ಯಾಲಯಗಳು ಕಾಯಕತತ್ತ್ವದಿಂದ ಮೊದಲನೆಯ ಎಚ್ಚರಿಕೆಯನ್ನು ಮಾತ್ರ ಎತ್ತಿಕೊಂಡು ಎರಡನೆಯದನ್ನು ಕೈಬಿಟ್ಟಿವೆ. ಮಾರಯ್ಯನವರ ಮಾತನ್ನು ಗೋಡೆಗೆ ಬರೆಸಿ ಲಕ್ಕಮ್ಮನವರ ಮಾತನ್ನು ಹೊಸ್ತಿಲಾಚೆ ನಿಲ್ಲಿಸಿವೆ. ಅರ್ಧ ಸತ್ಯದಿಂದ ದುಡಿಸಿಕೊಳ್ಳಲು ಸಾಧ್ಯ, ಬದುಕಲು ಸಾಧ್ಯವಿಲ್ಲ.

ಮಿಕ್ಕಿದ್ದನ್ನು ಕೊಟ್ಟರೆ ಸಾಲದೇ?

ಇಲ್ಲಿ ಒಂದು ನ್ಯಾಯವಾದ ಪ್ರಶ್ನೆ ಏಳುತ್ತದೆ. ಹೆಚ್ಚಾದ ಅಕ್ಕಿಯನ್ನು ಅಂಗಳಕ್ಕೆ ಸುರಿಯುವ ಬದಲು ಹಸಿದವರಿಗೆ ಕೊಡಬಹುದಿತ್ತಲ್ಲವೇ? ಚೆನ್ನಾಗಿ ಗಳಿಸಿ, ಉದಾರವಾಗಿ ಹಂಚುವುದರಲ್ಲಿ ದೋಷವೇನಿದೆ?

ಈ ಪ್ರಶ್ನೆಯನ್ನು ಲಘುವಾಗಿ ತಳ್ಳಿಹಾಕಲಾಗದು. ಪುಲಿಕೇಶಿನಗರದ ಸುತ್ತಮುತ್ತಲಿನ ನೆಲವೇ ಉದಾರಿಗಳ ಹೆಸರುಗಳಿಂದ ತುಂಬಿದೆ. ವ್ಯಾಪಾರದಲ್ಲಿ ಹೆಸರಾಗಿದ್ದ ಹಾಜಿ ಸರ್ ಇಸ್ಮಾಯಿಲ್ ಸೇಠ್ ಅವರ ಹೆಸರು ಇಲ್ಲಿನ ಮಸೀದಿಯೊಂದಕ್ಕೆ ಇರುವಂತೆ ಶಿವಾಜಿನಗರದ ಘೋಷಾ ಆಸ್ಪತ್ರೆಗೂ ಇದೆ; ಪರದೆಯೊಳಗಿದ್ದ ಹೆಣ್ಣುಮಕ್ಕಳಿಗೆ ಚಿಕಿತ್ಸೆ ದೊರೆಯಲೆಂದು ತೆರೆದ ಬಾಗಿಲು ಅದು. ಅಠಾರ ಕಚೇರಿಯ ಕಟ್ಟಡದ ಗುತ್ತಿಗೆ ಹಿಡಿದಿದ್ದ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು ಬಡ ಮಕ್ಕಳಿಗಾಗಿ 1873ರಲ್ಲಿ ಆರಂಭಿಸಿದ ವಿದ್ಯಾದಾನವು ಆರ್‌ಬಿಎಎನ್‌ಎಂ ಎಂಬ ಹೆಸರಿನಲ್ಲಿ ಹಲಸೂರಿನ ಕಡೆಯ ಹಲವು ತಲೆಮಾರುಗಳನ್ನು ಓದಿಸಿದೆ. ಕೃಷ್ಣರಾಜಪುರದಿಂದಾಚೆ ಹಳೆಯ ಮದರಾಸು ರಸ್ತೆಯ ಪಕ್ಕದ ಕೆರೆಗೆ ಎಲೆ ಮಲ್ಲಪ್ಪ ಶೆಟ್ಟರ ಹೆಸರಿದೆ. ವೀಳ್ಯದೆಲೆಯ ವ್ಯಾಪಾರದಲ್ಲಿ ಗಳಿಸಿದ ಹಣವನ್ನು ನೀರಿಗಾಗಿ ಕೊಟ್ಟವರು ಅವರು. ಈ ಮೂವರಿಗೂ ಎಷ್ಟು ಆಸ್ತಿಯಿತ್ತು ಎಂಬುದನ್ನು ಇಂದು ಯಾರೂ ಕೇಳುವುದಿಲ್ಲ. ಆಸ್ಪತ್ರೆ, ಶಾಲೆ, ಕೆರೆ ಎಂಬ ಮೂರು ಮಾತುಗಳಷ್ಟೇ ಉಳಿದಿವೆ. ಬ್ಯಾಂಕಿನ ಲೆಕ್ಕ ಒಂದು ತಲೆಮಾರಿನದು, ಕೊಟ್ಟದ್ದರ ಲೆಕ್ಕ ಹಲವು ತಲೆಮಾರಿನದು.

ಇವರ ದಾನವನ್ನು ಶರಣರು ಖಂಡಿತವಾಗಿಯೂ ಮೆಚ್ಚುತ್ತಿದ್ದರು. ಆದರೂ ದಾನ ಮತ್ತು ದಾಸೋಹಗಳ ನಡುವೆ ಶರಣರು ಒಂದು ಸೂಕ್ಷ್ಮ ಗೆರೆಯನ್ನು ಎಳೆದರು. ದಾನದಲ್ಲಿ ಕೊಡುವವನು ಮೇಲೆ ನಿಲ್ಲುತ್ತಾನೆ; ದಾಸೋಹದಲ್ಲಿ ಕೊಡುವವನು ತಾನು ದಾಸನೆಂದು ಬಾಗುತ್ತಾನೆ. ದಾನವನ್ನು ಗಳಿಕೆ ಮುಗಿದ ಮೇಲೆ ಮಾಡಬಹುದು. ದಾಸೋಹವು ಗಳಿಸುವ ದಿನವೇ, ಗಳಿಸಿದ್ದರೊಳಗಿಂದಲೇ ನಡೆಯಬೇಕು. ದಾನವು ಮಿಕ್ಕಿದ್ದನ್ನು ಹಂಚುತ್ತದೆ; ದಾಸೋಹವು ಎಷ್ಟು ಮಿಗಬೇಕೆಂಬುದನ್ನೇ ಪ್ರಶ್ನಿಸುತ್ತದೆ.

ಲಕ್ಕಮ್ಮನವರ ನಿಷ್ಠುರತೆಯ ಅರ್ಥ ಇಲ್ಲಿದೆ. ಇಂದು ಕೊಡುವುದಕ್ಕೆಂದೇ ಹೆಚ್ಚು ತರುತ್ತೇನೆ ಎಂದವನು ನಾಳೆ ಇನ್ನೂ ಹೆಚ್ಚು ತರುತ್ತಾನೆ. ಕೊಡುವ ದಿನ ಮಾತ್ರ ಮುಂದೆ ಮುಂದೆ ಹೋಗುತ್ತದೆ. ಐವತ್ತು ವರ್ಷವಾಗಲಿ, ಮನೆಯ ಸಾಲ ತೀರಲಿ, ಮಗಳ ಓದು ಮುಗಿಯಲಿ, ಆಮೇಲೆ ಊರಿಗೆ ಮರಳಿ ಏನಾದರೂ ಸೇವೆ ಮಾಡುತ್ತೇನೆ ಎನ್ನುವ ಮಾತು ಇಂದಿರಾನಗರದಿಂದ ವೈಟ್‌ಫೀಲ್ಡಿನವರೆಗೆ ಎಷ್ಟು ಮನೆಗಳಲ್ಲಿ ಕೇಳಿಬರುವುದಿಲ್ಲ! ಮಾತು ಪ್ರಾಮಾಣಿಕವೇ. ಆದರೆ ಐವತ್ತರ ತನಕ ಬಿಡುವೇ ಇಲ್ಲದೆ ಗಳಿಸುವುದನ್ನು ಮಾತ್ರ ಅಭ್ಯಾಸ ಮಾಡಿದ ಕೈಗೆ ಐವತ್ತೊಂದನೆಯ ವಯಸ್ಸಿನಲ್ಲಿ ಒಮ್ಮೆಲೇ ಬಿಡುವ ಅಭ್ಯಾಸ ಎಲ್ಲಿಂದ ಬರಬೇಕು? ಅದೂ ಅಲ್ಲದೆ ದೇಹವು ಅಷ್ಟು ಕಾಲ ಕಾಯುವುದೆಂಬ ಭರವಸೆಯಾದರೂ ಏನು? ವಾರಕ್ಕೆ 55 ಗಂಟೆ ಹಾಗೂ ಅದಕ್ಕಿಂತ ಹೆಚ್ಚು ದುಡಿಯುವವರಲ್ಲಿ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯವು ಸುಮಾರು ಶೇ. 35ರಷ್ಟೂ, ಹೃದ್ರೋಗದಿಂದ ಸಾಯುವ ಅಪಾಯವು ಶೇ. 17ರಷ್ಟೂ ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳು 2021ರಲ್ಲಿ ಪ್ರಕಟಿಸಿದವು. ಕಾಯವು ಇದ್ದರಲ್ಲವೇ ಕಾಯಕ?

ಸಾಕು ಎನ್ನುವ ಅಧಿಕಾರ

ಇನ್ನೊಂದು ಆಕ್ಷೇಪವು ಇದಕ್ಕಿಂತ ಗಂಭೀರವಾದುದು. ಸಾಕು ಎನ್ನಲು ಸಾಕಷ್ಟು ಇರಬೇಕಲ್ಲವೇ? ನಸುಕಿನಲ್ಲಿ ಮಸೀದಿ ರಸ್ತೆಯನ್ನು ಗುಡಿಸುವ ಪೌರಕಾರ್ಮಿಕರಿಗೆ, ನಡುರಾತ್ರಿಯವರೆಗೆ ಮನೆಮನೆಗೆ ಊಟದ ಪೊಟ್ಟಣ ತಲುಪಿಸುವ ಯುವಕನಿಗೆ, ಎರಡು ಮನೆಗಳ ಪಾತ್ರೆ ತಿಕ್ಕಿ ಮೂರನೆಯ ಮನೆಗೆ ಓಡುವ ತಾಯಿಗೆ ತೃಪ್ತಿಯ ಉಪದೇಶ ಮಾಡುವುದು ಧರ್ಮವೇ? ಅಲ್ಲ. ಅದು ಹಸಿದವನ ಮುಂದೆ ಉಪವಾಸದ ಮಹಿಮೆಯನ್ನು ಹೇಳಿದಂತೆ. ಅವರ ಹೆಚ್ಚುವರಿ ಗಂಟೆಗಳು ಆಸೆಯಿಂದ ಹುಟ್ಟಿದವಲ್ಲ, ಕೊರತೆಯಿಂದ ಹುಟ್ಟಿದವು. ಅಲ್ಲಿ ಬೇಕಾದದ್ದು ಉಪದೇಶವಲ್ಲ, ನ್ಯಾಯವಾದ ಕೂಲಿ.

ಲಕ್ಕಮ್ಮನವರ ಪ್ರಸಂಗವನ್ನು ಬಡವರ ಬಾಯಿ ಮುಚ್ಚಿಸಲು ಬಳಸುವವರು ಒಂದು ಸಂಗತಿಯನ್ನು ಗಮನಿಸಬೇಕು. ಅಲ್ಲಿ ಸಾಕು ಎಂದವರು ರಾಜರಲ್ಲ, ಮಂತ್ರಿಗಳಲ್ಲ, ಕೂಲಿ ಕೊಡುವ ಧಣಿಗಳಲ್ಲ; ಚೆಲ್ಲಿದ ಅಕ್ಕಿಯಿಂದ ಮನೆ ನಡೆಸುತ್ತಿದ್ದ ಗೃಹಿಣಿ. ಅಳತೆಯನ್ನು ಆ ಮನೆ ತಾನೇ ನಿರ್ಧರಿಸಿತು. ಹೊರಗಿನವರು ಹೇರಿದ ಅಳತೆಯು ಬಡತನ. ತಾನೇ ಹಾಕಿಕೊಂಡ ಅಳತೆಯು ವ್ರತ. ಎರಡಕ್ಕೂ ಅಜಗಜಾಂತರವಿದೆ. ಇನ್ನೊಬ್ಬರ ಬದುಕಿಗೆ ಅಳತೆ ಹಾಕುವ ಅಧಿಕಾರ ಯಾರಿಗೂ ಇಲ್ಲ. ಸಾಕು ಎನ್ನಬಾರದೆಂದು ಹೇಳುವ ಧಣಿಗೂ ಇಲ್ಲ, ಇಷ್ಟೇ ಸಾಕೆಂದು ಹೇಳುವ ಧಣಿಗೂ ಇಲ್ಲ.

ಶರಣರು ಬಡತನವನ್ನು ಪೂಜಿಸಿದವರಲ್ಲ ಎಂಬುದನ್ನೂ ನೆನೆಯಬೇಕು. ಬಸವಣ್ಣನವರು ಬಿಜ್ಜಳನ ಭಂಡಾರದ ಹೊಣೆ ಹೊತ್ತವರು. ಹಣದ ನಡುವೆಯೇ ಇದ್ದು ಅದನ್ನು ತಮ್ಮದೆನ್ನದೆ ಬದುಕಿದವರು. ಮೋಳಿಗೆಯ ಮಾರಯ್ಯನವರ ಕಥೆಯಂತೂ ಆಯ್ದಕ್ಕಿ ದಂಪತಿಗಳ ಕಥೆಗೆ ಕನ್ನಡಿ ಹಿಡಿದಂತಿದೆ. ಪರಂಪರೆಯು ಹೇಳುವಂತೆ ಅವರು ಕಾಶ್ಮೀರದ ಅರಸರಾಗಿದ್ದವರು; ರಾಜ್ಯವನ್ನು ತೊರೆದು ಪತ್ನಿ ಮಹಾದೇವಿಯವರೊಡನೆ ಕಲ್ಯಾಣಕ್ಕೆ ಬಂದು ಸೌದೆಯ ಹೊರೆ ಮಾರಿ ಬದುಕಿದರು. ಅವರ ಮನೆಯ ಬಡತನವನ್ನು ಕಂಡು ಮರುಗಿದ ಬಸವಣ್ಣನವರು ಗುಟ್ಟಾಗಿ ಹೊನ್ನನ್ನು ಇರಿಸಿ ಹೋದರಂತೆ. ಅದನ್ನು ಕಂಡ ಮಾರಯ್ಯನವರು ತಮ್ಮ ದುಡಿಮೆಯದಲ್ಲದ ಆ ಹೊನ್ನನ್ನು ಮನೆಯಲ್ಲಿ ಉಳಿಸಿಕೊಳ್ಳದೆ ಜಂಗಮರಿಗೆ ಒಪ್ಪಿಸಿದರಂತೆ. ಒಬ್ಬ ಮಾರಯ್ಯ ಏನೂ ಇಲ್ಲದ ಕಡೆಯಿಂದ ಬಂದವರು, ಇನ್ನೊಬ್ಬ ಮಾರಯ್ಯ ಎಲ್ಲವೂ ಇದ್ದ ಕಡೆಯಿಂದ ಬಂದವರು. ಇಬ್ಬರೂ ತಲುಪಿದ ಅಳತೆ ಒಂದೇ. ಅಂದಮೇಲೆ ಆ ಅಳತೆಯು ಸಿರಿತನಕ್ಕೋ ಬಡತನಕ್ಕೋ ಸೇರಿದ್ದಲ್ಲ, ಮನಸ್ಸಿಗೆ ಸೇರಿದ್ದು ಎಂದಾಯಿತು.

ಮನೆಯೊಳಗಿನ ಪ್ರಶ್ನೆ

ಶರಣ ಬಂಧುಗಳು ಈ ಪ್ರಸಂಗದಿಂದ ಕಲಿಯಬಹುದಾದ ಮೊದಲ ಪಾಠವೆಂದರೆ ಅಳತೆಯನ್ನು ಗಳಿಕೆಯ ಮೊದಲೇ ನಿರ್ಧರಿಸಬೇಕು ಎಂಬುದು. ಲಕ್ಕಮ್ಮನವರಿಗೆ ಗಂಟು ಭಾರವಾಗಿದೆ ಎಂದು ಗೊತ್ತಾದದ್ದು ನಿತ್ಯದ ಗಂಟಿನ ತೂಕ ಅವರಿಗೆ ಗೊತ್ತಿದ್ದುದರಿಂದ. ಇಂದು ಎಷ್ಟು ಮನೆಗಳಿಗೆ ತಮ್ಮ ನಿತ್ಯದ ಗಂಟಿನ ತೂಕ ಗೊತ್ತಿದೆ? ಸಂಬಳ ಹೆಚ್ಚಾದಂತೆಲ್ಲ ಅಗತ್ಯವೂ ತಾನಾಗಿಯೇ ಹೆಚ್ಚುತ್ತದೆ; ನಿನ್ನೆಯ ಭೋಗವು ಇಂದಿನ ಅಗತ್ಯವಾಗುತ್ತದೆ. ತೂಕವೇ ಗೊತ್ತಿಲ್ಲದವನಿಗೆ ಭಾರವೂ ಗೊತ್ತಾಗುವುದಿಲ್ಲ, ಬೆನ್ನು ಬಾಗಿದ ಮೇಲೆಯೇ ಗೊತ್ತಾಗುತ್ತದೆ.

ಎರಡನೆಯ ಪಾಠವು ದಾಂಪತ್ಯಕ್ಕೆ ಸಂಬಂಧಿಸಿದ್ದು. ಸಂಜೆ ಮನೆಗೆ ಬಂದವರನ್ನು ಇಂದು ಮನೆಯವರು ಏನು ಕೇಳುತ್ತಾರೆ? ಈ ಸಲ ಇನ್‌ಕ್ರಿಮೆಂಟ್ ಎಷ್ಟು ಬಂತು, ಪಕ್ಕದ ಮನೆಯವರು ಯಾವ ಕಾರು ತೆಗೆದುಕೊಂಡರು ಎಂಬ ಪ್ರಶ್ನೆಗಳಿಗೆ ಕೊರತೆಯಿಲ್ಲ. ಇದು ನಮಗೆ ಬೇಕೇ ಎಂದು ಕೇಳುವವರು ಅಪರೂಪ. ಎಂಟುನೂರು ವರ್ಷಗಳಾಚೆ ಪತ್ನಿಯೊಬ್ಬರು ಪತಿಯ ಗಳಿಕೆಯನ್ನು ನಿರ್ಭಯವಾಗಿ ಪ್ರಶ್ನಿಸಿದರು. ಪತಿಯು ಅದನ್ನು ಅಪಮಾನವೆಂದು ಬಗೆಯದೆ ಗಂಟನ್ನು ಹೊತ್ತು ಮರಳಿದರು. ಪ್ರಶ್ನಿಸಿದವರ ಧೈರ್ಯದಷ್ಟೇ ಮರಳಿದವರ ವಿನಯವೂ ದೊಡ್ಡದು. ಇಂದು ಇಬ್ಬರೂ ದುಡಿಯುವ ಮನೆಗಳಲ್ಲಿ ಈ ಪ್ರಶ್ನೆಯನ್ನು ಪತ್ನಿಯೇ ಕೇಳಬೇಕೆಂದಿಲ್ಲ. ಯಾರ ಗಂಟು ಭಾರವಾಗಿದೆಯೋ ಅವರನ್ನು ಇನ್ನೊಬ್ಬರು ಕೇಳಬೇಕು. ಪ್ರೀತಿಯಿಂದ ಕೇಳುವವರೊಬ್ಬರು ಮನೆಯಲ್ಲಿರುವುದೇ ದೊಡ್ಡ ಸಂಪತ್ತು.

ಮೂರನೆಯದು, ದಾಸೋಹವನ್ನು ನಾಳೆಗೆ ಮುಂದೂಡದಿರುವುದು. ಅದು ಹಣದ್ದೇ ಆಗಬೇಕೆಂದಿಲ್ಲ. ಹೊತ್ತಿಗೆ ಸರಿಯಾಗಿ ಮನೆಗೆ ಬಂದು ವೃದ್ಧ ತಂದೆಯೊಡನೆ ಕುಳಿತು ಉಣ್ಣುವುದು ದಾಸೋಹವೇ. ಮನೆಗೆಲಸದವರ ಮಗುವಿಗೆ ಭಾನುವಾರ ಒಂದು ಗಂಟೆ ಗಣಿತ ಹೇಳಿಕೊಡುವುದು ದಾಸೋಹವೇ. ಕೈಕೆಳಗಿನವರನ್ನು ಸಂಜೆ ಆರಕ್ಕೆ ಮನೆಗೆ ಕಳುಹಿಸುವ ಅಧಿಕಾರಿಯು ಮಾಡುವುದೂ ದಾಸೋಹವೇ. ಸಮಯವೇ ಅತ್ಯಂತ ದುಬಾರಿಯಾದ ಈ ಊರಿನಲ್ಲಿ ಸಮಯದ ದಾಸೋಹಕ್ಕಿಂತ ಮಿಗಿಲಾದುದು ಯಾವುದಿದೆ?

ಶೂನ್ಯಸಂಪಾದನೆಯ ಪ್ರಸಂಗವು ಅಕ್ಕಿಯನ್ನು ಹಿಂದಿರುಗಿಸಿದಲ್ಲಿಗೆ ಮುಗಿಯುವುದಿಲ್ಲ. ಉಳಿದ ಆ ಸ್ವಲ್ಪ ಅಕ್ಕಿಯಿಂದಲೇ ದಂಪತಿಗಳು ಬಸವಣ್ಣನವರನ್ನೂ ಲಕ್ಷದ ತೊಂಬತ್ತಾರು ಸಾವಿರ ಜಂಗಮರನ್ನೂ ದಾಸೋಹಕ್ಕೆ ಆಹ್ವಾನಿಸುತ್ತಾರೆ. ಎಲ್ಲರೂ ಉಂಡು ತೃಪ್ತರಾಗುತ್ತಾರೆ. ಇದನ್ನು ಪವಾಡವೆಂದು ನಂಬುವವರು ನಂಬಲಿ, ಸಂಕೇತವೆಂದು ತಿಳಿಯುವವರು ಹಾಗೆಯೇ ತಿಳಿಯಲಿ. ಕಥೆ ಹೇಳುವ ಸತ್ಯ ಒಂದೇ: ಸಾಕು ಎಂದ ಮನೆಯಲ್ಲಿ ಎಲ್ಲರಿಗೂ ಸಾಕಾಗುತ್ತದೆ, ಸಾಲದು ಎಂದ ಮನೆಯಲ್ಲಿ ಇಬ್ಬರಿಗೂ ಸಾಲುವುದಿಲ್ಲ.

ಪ್ಲೇಗಿನಿಂದ ಪಾಠ ಕಲಿತು ಮನೆಗಳ ನಡುವೆ ಬಯಲನ್ನು ಬಿಟ್ಟ ಊರಿನವರು, ತಮ್ಮ ದಿನಗಳ ನಡುವೆಯೂ ಒಂದಿಷ್ಟು ಬಯಲನ್ನು ಬಿಟ್ಟುಕೊಳ್ಳಲು ಇನ್ನೊಂದು ಮಹಾಮಾರಿಗಾಗಿ ಕಾಯಬೇಕಾಗಿಲ್ಲ. ಇಂದು ಸಂಜೆ ಹೊತ್ತು ತಂದ ಗಂಟನ್ನು ಬಾಗಿಲಲ್ಲಿ ಇಳಿಸಿ, ಒಮ್ಮೆ ತೂಗಿ ನೋಡಿದರೆ ಸಾಕು.